ಅಪ್‌ಡೇಟ್: ಅಪ್ಪನ ತಲೆಸುತ್ತು ಈಗ ಕಡಿಮೆಯಾಗಿದೆ (ರಾಯಚೂರು)

ಹತ್ತು ದಿನದ ಹಿಂದೆ ಏನು ಮಾಡಲಿ ಅಂತ ನಿಮ್ಮನ್ನೆಲ್ಲ ಕೇಳಿದ್ದೆ. 72 ವರ್ಷದ ಅಪ್ಪನಿಗೆ ಈ ಬಿಸಿಲಲ್ಲಿ ಎದ್ದು ನಿಂತರೆ ತಲೆ ಸುತ್ತುತ್ತಿತ್ತು, ಬಾಯಿ ಒಣಗುತ್ತಿತ್ತು. ಆದರೂ "ನೀರಡಿಕೆ ಇಲ್ಲ" ಅಂತಿದ್ದರು.

"ಮೂತ್ರದ ಬಣ್ಣ ನೋಡಿ" ಅಂದವರಿಗೆ ಮೊದಲ ಧನ್ಯವಾದ. ವಿಚಾರಿಸಿದರೆ ದಿನಕ್ಕೆ ಎರಡೇ ಸಲ, ಅದೂ ಕಡು ಹಳದಿ, ಅಂದರೆ ಮೈಯಲ್ಲಿ ನೀರು ಕಡಿಮೆ! ಮರುದಿನವೇ ಡಾಕ್ಟರ್ ಹತ್ತಿರ ಹೋದೆವು. ವಯಸ್ಸಾದಂತೆ ನೀರಡಿಕೆಯೇ ಸರಿಯಾಗಿ ಗೊತ್ತಾಗುವುದಿಲ್ಲವಂತೆ. ಇದು ನನಗೆ ಹೊಸದು. ಅಪ್ಪನ ಬಿಪಿ ಗುಳಿಗೆಯಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧಿಯೂ ಇತ್ತು. ಡಾಕ್ಟರ್ ಅದರ ಪ್ರಮಾಣ ಬದಲಿಸಿದರು. ದಯವಿಟ್ಟು ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ.

ಮೈಯಲ್ಲಿ ನೀರು ಕಡಿಮೆಯೇ ಅಂತ ತಿಳಿಯಲು ಚರ್ಮ ಚಿವುಟಿ ನೋಡುವುದು ಉಪಯೋಗವಾಗಲಿಲ್ಲ, ವಯಸ್ಸಾದವರ ಚರ್ಮ ಮೊದಲೇ ಸಡಿಲ. ಒಂದೇ ಸಲ ಚೊಂಬು ನೀರು ಕುಡಿಸಿದರೆ ಊಟ ಬಿಟ್ಟರು. ಉಪ್ಪು ಹಾಕಿದ ಮಜ್ಜಿಗೆಯೂ ಬಿಪಿಗೆ ಬೇಡ ಅಂದರು ಡಾಕ್ಟರ್, ಈಗ ಉಪ್ಪಿಲ್ಲದೆ ಕೊಡುತ್ತೇವೆ. ಓಆರ್‌ಎಸ್ ಪುಡಿಯನ್ನು ನಾನು ಒಂದೇ ಲೋಟಕ್ಕೆ ಕಲಸಿದ್ದೆ, ಅದು ತಪ್ಪು. 1 ಲೀಟರಿನ ಪೊಟ್ಟಣವಾದರೆ ಪೂರ್ತಿ 1 ಲೀಟರ್ ನೀರಿಗೇ ಹಾಕಬೇಕು, 24 ಗಂಟೆಯೊಳಗೆ ಮುಗಿಸಬೇಕು. ಅದು ಭೇದಿ, ವಾಂತಿ ಆದಾಗಿನ ಮದ್ದು, ಸುಮ್ನೆ ದಿನಾ ಕುಡಿಯುವುದಲ್ಲ.

ಕೆಲಸ ಮಾಡಿದ್ದು "ಗಂಟೆಗೊಮ್ಮೆ ಅರ್ಧ ಲೋಟ" ಅನ್ನುವ ಸಲಹೆ. ಮಂಚದ ಪಕ್ಕ ಮಣ್ಣಿನ ಗಡಿಗೆ ಇಟ್ಟೆವು. ಮೊಮ್ಮಗಳು ಕೊಟ್ಟರೆ ಅಪ್ಪ ಬೇಡ ಅನ್ನುವುದಿಲ್ಲ! ನಾಲ್ಕನೇ ದಿನಕ್ಕೆ ಮೂತ್ರದ ಬಣ್ಣ ತಿಳಿಯಾಯಿತು. ಹೃದಯ, ಕಿಡ್ನಿ ತೊಂದರೆ ಇರುವವರು ಮಾತ್ರ ನೀರಿನ ಅಳತೆಯನ್ನು ಡಾಕ್ಟರನ್ನೇ ಕೇಳಿ.