ಕೇಸ್ ವಾಪಸ್ ತೆಗೆಯುವುದು ಯಾರ ಕೈಯಲ್ಲಿದೆ? ಗ್ರೂಪಿನಲ್ಲಿ ವಕೀಲರ ಜೊತೆ ಪ್ರಶ್ನೋತ್ತರ

ವಕೀಲರು: ನಮಸ್ಕಾರ. ಕ್ರಿಮಿನಲ್ ಕೇಸು ಹಿಂಪಡೆಯುವ ಬಗ್ಗೆ ಕೇಳಿ. ಸೆಕ್ಷನ್ ನಂಬರ್ ಗೊತ್ತಿದ್ದರೆ ಬರೆಯಿರಿ.

ಹಾಸನದ ಸದಸ್ಯರು: ಮೇಡಂ, ಬದುವಿನ ವಿಷಯಕ್ಕೆ ದಾಯಾದಿ ನನಗೆ ಹೊಡೆದ. ದೂರು ಕೊಟ್ಟೆ. ಈಗ ಊರಲ್ಲಿ ಮಾತುಕತೆ ಆಗಿದೆ. ನಾನೇ ಕೊಟ್ಟ ದೂರು, ನಾನೇ ವಾಪಸ್ ತಗೋಬಹುದಲ್ವಾ?

ವಕೀಲರು: ಎಫ್‌ಐಆರ್ ಆದ ಮೇಲೆ ಅದು ಸರ್ಕಾರದ ಕೇಸು. ನೀವು ಅದರಲ್ಲಿ ಸಾಕ್ಷಿ. ಬರೀ ಕೈಯಲ್ಲಿ ಹೊಡೆದಿದ್ದರೆ (ಬಿಎನ್‌ಎಸ್, ಅಂದರೆ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 115(2)), ಬೈದಿದ್ದರೆ (352) ಕೋರ್ಟಿನಲ್ಲಿ ಇಬ್ಬರೂ ರಾಜಿ ಅರ್ಜಿ ಹಾಕಬಹುದು. ಅದಕ್ಕೆ ಬಿಎನ್‌ಎಸ್‌ಎಸ್ (ಕೇಸು ನಡೆಸುವ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 359 ಇದೆ. ಕುಡುಗೋಲು ಬೀಸಿದ್ದನಾ? ಹಾಗಿದ್ದರೆ 118(1) ಹಾಕಿರುತ್ತಾರೆ. ಅದು ರಾಜಿ ಪಟ್ಟಿಯಲ್ಲಿ ಇಲ್ಲ. ಹೈಕೋರ್ಟಿಗೇ ಹೋಗಬೇಕು.

ತುಮಕೂರಿನ ಸದಸ್ಯರು: ಇದು ಎಲ್ಲರಿಗೂ ಉಪಯೋಗ. ಫಾರ್ವರ್ಡ್: "100 ರೂಪಾಯಿ ಸ್ಟಾಂಪ್ ಪೇಪರಿನಲ್ಲಿ ರಾಜಿ ಬರೆದು, ನೋಟರಿ ಮಾಡಿಸಿ ಠಾಣೆಗೆ ಕೊಟ್ಟರೆ 24 ಗಂಟೆಯಲ್ಲಿ ಎಫ್‌ಐಆರ್ ರದ್ದು."

ವಕೀಲರು: ಸುಳ್ಳು. ಎಫ್‌ಐಆರ್ ರದ್ದು ಮಾಡುವ ಅಧಿಕಾರ ಠಾಣೆಗೆ ಇಲ್ಲ. ಇದನ್ನು ನಂಬಿ ಕೋರ್ಟಿಗೆ ಹೋಗದೆ ಕೂತವರಿಗೆ ವಾರಂಟ್ ಬಂದಿದ್ದನ್ನು ನೋಡಿದ್ದೇನೆ. ದಯವಿಟ್ಟು ಅಳಿಸಿ.

ಮಂಡ್ಯದ ಸದಸ್ಯರು: ಚೆಕ್ ಬೌನ್ಸ್?

ವಕೀಲರು: ರಾಜಿ ಆಗುತ್ತದೆ. ಹಣ ಖಾತೆಗೆ ಬಂದ ಮೇಲೆ ಸಹಿ ಹಾಕಿ.

ಒಬ್ಬ ತಮ್ಮ: ಮೇಡಂ, ನಮ್ಮ ಅಕ್ಕನ ವಿಷಯ. ಭಾವ ಕುತ್ತಿಗೆ ಹಿಸುಕಿದ್ದರು. 85, 109 ಹಾಕಿದ್ದಾರೆ. ಈಗ ಹಿರಿಯರು ಸೇರಿ ರಾಜಿ ಮಾಡಿಸಿದ್ದಾರೆ. ಅಕ್ಕ ಗಂಡನ ಮನೆಯಲ್ಲೇ ಇದ್ದಾಳೆ. ಎರಡು ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡಿದ್ದಾರಂತೆ. ಕೇಸು ಬೇಗ ಮುಗಿಸೋದು ಹೇಗೆ?

ವಕೀಲರು: ತಮ್ಮಾ, ಮೊದಲು ಒಂದು ಮಾತು ಹೇಳಿ. ಕೇಸು ಬೇಡ ಅಂತ ಅಕ್ಕ ನಿಮಗೆ ಒಬ್ಬರೇ ಇದ್ದಾಗ ಹೇಳಿದ್ದಾರಾ, ಇಲ್ಲ ಹಿರಿಯರು ಹೇಳಿದ್ದಾ?

109 ಅಂದರೆ ಕೊಲೆ ಯತ್ನ. ಕೆಳಗಿನ ಕೋರ್ಟಿನಲ್ಲಿ ಅದಕ್ಕೆ ರಾಜಿ ಇಲ್ಲ. ನಮ್ಮ ಕರ್ನಾಟಕದಲ್ಲಿ 85ಕ್ಕೂ (ಹೆಂಡತಿಗೆ ಕಿರುಕುಳ, ಹಳೆಯ 498ಎ) ಇಲ್ಲ. ಹೈಕೋರ್ಟು ಬಿಎನ್‌ಎಸ್‌ಎಸ್ 528ರಲ್ಲಿ ರದ್ದು ಮಾಡಬಹುದು. ಗಂಡ ಹೆಂಡತಿ ಜಗಳದ ಕೇಸನ್ನು ರಾಜಿಯ ಮೇಲೆ ಮುಗಿಸಬಹುದು, ಘೋರ ಅಪರಾಧವನ್ನು ಹಾಗೆ ಮುಗಿಸಬಾರದು ಅಂತ ಸುಪ್ರೀಂ ಕೋರ್ಟ್ 2012ರ ಜ್ಞಾನ್ ಸಿಂಗ್ ತೀರ್ಪಿನಲ್ಲಿ ಹೇಳಿದೆ. ಕೊಲೆ ಯತ್ನವಾದರೆ ಗಾಯ ಎಲ್ಲಿ ಆಗಿದೆ, ಎಷ್ಟು ಆಗಿದೆ ಅಂತ ನೋಡುತ್ತಾರೆ. ಇಲ್ಲಿ ಆಗಿರುವುದು ಕುತ್ತಿಗೆಗೆ.

"ಕೋರ್ಟಿನಲ್ಲಿ ಏನೂ ಆಗಿಲ್ಲ ಅಂದುಬಿಡು" ಅಂತ ಅಕ್ಕನಿಗೆ ಹೇಳಿಕೊಡುತ್ತಿರಬಹುದು. ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ ಹೇಳಿಕೆ ಕೊಟ್ಟಿದ್ದರೆ, ಅದನ್ನು ತಿರುಗಿಸಿದಾಗ ಸುಳ್ಳು ಸಾಕ್ಷ್ಯದ ಕೇಸು ನಿಮ್ಮ ಅಕ್ಕನ ಮೇಲೇ ಬರಬಹುದು.

ಆ ಖಾಲಿ ಹಾಳೆಗಳು ನನಗೆ ಭಯ ತರುತ್ತಿವೆ. ಅದರಲ್ಲಿ ರಾಜಿ ಅಂತಲೂ ಬರೆಯಬಹುದು, ಒಡವೆ ವಾಪಸ್ ಬಂತು ಅಂತಲೂ ಬರೆಯಬಹುದು. ಇವತ್ತೇ ಒಂದು ಪತ್ರ ಬರೆಸಿ: ಯಾವ ದಿನ, ಯಾರ ಮುಂದೆ, ಎಷ್ಟು ಹಾಳೆ. ಒಂದು ಪ್ರತಿ ತನಿಖಾಧಿಕಾರಿಗೆ, ಒಂದು ಸರ್ಕಾರಿ ವಕೀಲರಿಗೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. ರಾತ್ರಿ ಮತ್ತೆ ಕೈ ಎತ್ತಿದರೆ 112.

ಧಾರವಾಡದ ಸದಸ್ಯರು: ಬಡವರಿಗೆ ಇಷ್ಟೆಲ್ಲಾ ರೂಲ್ಸು. ಸರ್ಕಾರ 2024ರಲ್ಲಿ ಹುಬ್ಬಳ್ಳಿ ಗಲಾಟೆ ಕೇಸೂ ಸೇರಿ 43 ಕೇಸು ವಾಪಸ್ ಅಂತ ಒಂದೇ ಏಟಿಗೆ ತೀರ್ಮಾನ ಮಾಡಲಿಲ್ವಾ?

ಹಾಸನದ ಸದಸ್ಯರು: ಎಲ್ಲಾ ಪಕ್ಷದವರೂ ಮಾಡಿದ್ದಾರೆ. ನಿಮಗೆ ಒಂದೇ ಕಾಣಿಸುತ್ತಾ?

ಧಾರವಾಡದ ಸದಸ್ಯರು: ಠಾಣೆಗೆ ಕಲ್ಲು ಹೊಡೆದಿದ್ದು ನಿಮ್ಮೂರಲ್ಲಿ ಅಲ್ಲ. ಸುಮ್ನಿರಿ.

ಹಾಸನದ ಸದಸ್ಯರು: ನೀವೇ ಸುಮ್ನಿರಿ ಸ್ವಾಮಿ. ಗ್ರೂಪ್ ನಿಮ್ಮಪ್ಪಂದಾ?

ವಕೀಲರು: ಇಬ್ಬರೂ ನಿಲ್ಲಿಸಿ. ಆ ಆದೇಶವನ್ನು ಹೈಕೋರ್ಟ್ 2025ರ ಮೇನಲ್ಲಿ ರದ್ದು ಮಾಡಿತು. ಹಿಂಪಡೆಯುವ ಅರ್ಜಿ ಹಾಕಬೇಕಾದವರು ಸರ್ಕಾರಿ ವಕೀಲರು, ತಾವೇ ಯೋಚಿಸಿ. ಒಪ್ಪಬೇಕಾದದ್ದು ಕೋರ್ಟು. ಅದು ಬಿಎನ್‌ಎಸ್‌ಎಸ್ 360. ಈಗಿನ ಕಾನೂನಿನಲ್ಲಿ ನೊಂದವರ ಮಾತು ಕೇಳದೆ ಒಪ್ಪುವ ಹಾಗಿಲ್ಲ. ಶಾಸಕ, ಸಂಸದರ ಮೇಲಿನ ಕೇಸಾದರೆ ಹೈಕೋರ್ಟ್ ಅನುಮತಿಯೂ ಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ.

ದುಬೈನಲ್ಲಿರುವ ಸದಸ್ಯರು: ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ನವೀಕರಣ ಆಗುತ್ತಾ ಮೇಡಂ?

ತುಮಕೂರಿನ ಸದಸ್ಯರು: ಪೊಲೀಸರ ಹತ್ತಿರ ಬಿ ರಿಪೋರ್ಟ್ (ಕೇಸು ಮುಕ್ತಾಯದ ವರದಿ) ಹಾಕಿಸಿದರೆ ಮುಗೀತಲ್ವಾ?

ವಕೀಲರು: "ಹಾಕಿಸುವುದು" ಅನ್ನಬೇಡಿ. ತನಿಖೆಯಲ್ಲಿ ಏನೂ ಸಿಗದಿದ್ದರೆ ಹಾಕುತ್ತಾರೆ. ದೂರುದಾರರು ತಕರಾರು ಹಾಕಬಹುದು, ಮ್ಯಾಜಿಸ್ಟ್ರೇಟರು ತಿರಸ್ಕರಿಸಬಹುದು.

ದುಬೈನಲ್ಲಿರುವ ಸದಸ್ಯರು: ಮೇಡಂ, ಪಾಸ್‌ಪೋರ್ಟ್?

ಇನ್ನೊಬ್ಬ ಸದಸ್ಯರು: ಠಾಣೆಯಲ್ಲಿ ಬರೆದುಕೊಟ್ಟರೆ ಸಾಕಾಗುತ್ತಾ?

ವಕೀಲರು: ಇಲ್ಲ. ಮೇಲೆ ಓದಿ.

ತುಮಕೂರಿನ ಸದಸ್ಯರು: ಆ ಸ್ಟಾಂಪ್ ಪೇಪರ್ ಮೆಸೇಜು ನಿವೃತ್ತ ಅಧಿಕಾರಿಯೊಬ್ಬರು ಕಳಿಸಿದ್ದು ಮೇಡಂ. ಪೂರ್ತಿ ಸುಳ್ಳು ಇರಲ್ಲ.

ವಕೀಲರು: ಪೂರ್ತಿ ಸುಳ್ಳು. ಇನ್ನೊಂದು ಸಲ ಹಾಕಿದರೆ ನಾನು ಉತ್ತರ ಕೊಡುವುದು ನಿಲ್ಲಿಸುತ್ತೇನೆ.

ಒಬ್ಬ ತಮ್ಮ: ಮೇಡಂ, ಅಕ್ಕನ ಜೊತೆ ಮಾತಾಡಿದೆ. ಹಾಲಿನ ಡೇರಿಗೆ ಬಂದಾಗ ಅಲ್ಲಿಂದ ಫೋನ್ ಮಾಡಿದಳು. ಕೇಸು ಬೇಡ ಅಂತ ಅವಳು ಯಾರಿಗೂ ಹೇಳಿಲ್ಲವಂತೆ. ಮೂರು ಹಾಳೆ ಅಂತೆ, ಎರಡಲ್ಲ.

ವಕೀಲರು: ಪತ್ರದಲ್ಲಿ ಮೂರು ಅಂತಲೇ ಬರೆಯಿರಿ. ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಗಾಯದ ಪ್ರಮಾಣಪತ್ರ ಎತ್ತಿಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ಅವರನ್ನು ಪ್ರಾಧಿಕಾರಕ್ಕೆ ಕರೆದುಕೊಂಡು ಹೋಗಿ. ಹಿರಿಯರಿಗೆ ಈಗಲೇ ಏನೂ ಹೇಳಬೇಡಿ.