ಹ್ಯಾಕಿಂಟಾಶ್: ಕಾರ್ಡ್ ತೆಗೆದರೆ ಪರದೆ ಕಪ್ಪು, ಹಾಕಿದರೆ ಆಮೆ ನಡಿಗೆ

ಗದಗ_ಹುಡುಗ:
ಎಲ್ಲರಿಗೂ ನಮಸ್ಕಾರ. ನಾನೇ ಜೋಡಿಸಿದ ಪಿಸಿ ಇದೆ. ಇಂಟೆಲ್ ಐ5-9400, ಎಚ್310 ಬೋರ್ಡ್, 16 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1050 ಟಿಐ. ಆಪಲ್‌ನ ಆ್ಯಪ್ ಬರೆಯುವ ಎಕ್ಸ್‌ಕೋಡ್ ಕಲಿಯಬೇಕು, ಮ್ಯಾಕ್ ಕೊಳ್ಳುವಷ್ಟು ದುಡ್ಡಿಲ್ಲ. ಹಾಗಾಗಿ ಹ್ಯಾಕಿಂಟಾಶ್, ಅಂದರೆ ಮಾಮೂಲಿ ಪಿಸಿಯಲ್ಲೇ ಆಪಲ್‌ನ ಮ್ಯಾಕ್‌ಓಎಸ್ ಓಡಿಸುವ ದಾರಿ ಹಿಡಿದೆ. ಓಪನ್‌ಕೋರ್ (ಪಿಸಿಯಲ್ಲಿ ಮ್ಯಾಕ್‌ಓಎಸ್ ಬೂಟ್ ಮಾಡಿಸುವ ತಂತ್ರಾಂಶ) ಇಟ್ಟುಕೊಂಡು ಮ್ಯಾಕ್‌ಓಎಸ್ ಸಿಕೋಯಾ ಹಾಕಲು ಎರಡು ರಾತ್ರಿ ಕೂತೆ. ಕಾರ್ಡ್ ಇದ್ದರೆ ಇನ್‌ಸ್ಟಾಲರ್ ಬರುತ್ತದೆ, ಆದ್ರೆ ವಿಂಡೋ ಎಳೆದರೆ ತೆವಳುತ್ತದೆ. ಕಾರ್ಡ್ ಕಿತ್ತು ಮಾನಿಟರನ್ನು ಬೋರ್ಡಿನ ವಿಜಿಎಗೆ ಹಾಕಿದರೆ ಸೇಬು ಬಂದು, ಗೆರೆ ಅರ್ಧ ತುಂಬಿ, ಪರದೆ ಕಪ್ಪಾಗುತ್ತದೆ. ಬೋರ್ಡೇ ಹೋಗಿದೆಯಾ?

ಹಳೇ_ಬೆಸುಗೆ:
ಬೋರ್ಡ್ ಚೆನ್ನಾಗಿದೆ ತಮ್ಮಾ, ಹೆದರಬೇಡ. 1050 ಟಿಐಗೆ ಡ್ರೈವರ್ ಸಿಕ್ಕಿದ್ದು 2017ರ ಮ್ಯಾಕ್‌ಓಎಸ್ ಹೈ ಸಿಯೆರಾ ತನಕ ಮಾತ್ರ. ಅದರ ಮುಂದಿನ ಮೊಹಾವೆಯಿಂದಾಚೆಗೆ ಇಲ್ಲ. ಅದನ್ನು ಮಾರಿಬಿಡು. ನಿನ್ನ ಪ್ರೊಸೆಸರ್‌ನಲ್ಲೇ ಯುಎಚ್‌ಡಿ 630 ಗ್ರಾಫಿಕ್ಸ್ ಇದೆ, ಸಿಕೋಯಾಗೆ ಅಷ್ಟು ಸಾಕು. ಆದರೆ ಈ ತಲೆಮಾರಿನ ಗ್ರಾಫಿಕ್ಸ್‌ನಲ್ಲಿ ಮ್ಯಾಕ್‌ಓಎಸ್ ವಿಜಿಎ ಕಡೆ ತಿರುಗಿಯೂ ನೋಡಲ್ಲ. ಎಚ್‌ಡಿಎಂಐಗೆ ಹಾಕು. ಬಯಾಸ್‌ನಲ್ಲಿ ಡಿವಿಎಂಟಿ (ಒಳಗಿನ ಗ್ರಾಫಿಕ್ಸ್‌ಗೆ ಮೀಸಲಿಡುವ ಮೆಮೊರಿ) 64 ಎಂಬಿ ಇಡು, ಓಪನ್‌ಕೋರ್ ಕಾನ್ಫಿಗ್‌ನಲ್ಲಿ ಪ್ಲಾಟ್‌ಫಾರ್ಮ್ ಐಡಿ (ಗ್ರಾಫಿಕ್ಸ್ ಗುರುತು) 07009ಬಿ3ಇ, ಎಸ್‌ಎಂ‌ಬಯಾಸ್ ಐಮ್ಯಾಕ್19,1 (ಯಂತ್ರ ತಾನು ಯಾವ ಮ್ಯಾಕ್ ಎಂದು ಹೇಳಿಕೊಳ್ಳುವ ಹೆಸರು).

ಇದಾದ ಮೇಲೆ ಯುಎಸ್‌ಬಿ ನಿನ್ನನ್ನು ಆಟ ಆಡಿಸುತ್ತದೆ. ಮ್ಯಾಕ್‌ಓಎಸ್‌ನಲ್ಲಿ ಒಂದು ಕಂಟ್ರೋಲರ್‌ಗೆ 15 ಪೋರ್ಟ್, ಅದರ ಮೇಲೆ ಒಂದನ್ನೂ ಲೆಕ್ಕಕ್ಕೆ ಹಿಡಿಯಲ್ಲ. ನೀಲಿ ಪೋರ್ಟ್ ಒಂದೇ ಕಂಡರೂ ಲೆಕ್ಕದಲ್ಲಿ ಎರಡು, 2.0ಗೆ ಒಂದು, 3.0ಗೆ ಒಂದು. ನನ್ನ ಝಡ್370 ಬೋರ್ಡಿನಲ್ಲಿ ಇದಕ್ಕೇ ಸ್ಲೀಪ್‌ಗೆ ಮಲಗಿಸಿದ ಯಂತ್ರ ಐದೇ ಸೆಕೆಂಡಿಗೆ ಎದ್ದು ಕೂರುತ್ತಿತ್ತು. ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕ್ಯಾಬಿನೆಟ್ಟಿನ ಚಿತ್ರ ಬರೆದು, ಪೆನ್‌ಡ್ರೈವ್ ಒಂದೊಂದೇ ತೂತಿಗೆ ಚುಚ್ಚಿ ಹೆಸರು ಗುರುತು ಮಾಡಿಕೊಂಡೆ. ಬೇಡದ ಪೋರ್ಟುಗಳನ್ನು ಮ್ಯಾಪ್‌ನಿಂದ (ಪೋರ್ಟ್ ಪಟ್ಟಿಯಿಂದ) ತೆಗೆದ ಮೇಲೆ ನೆಟ್ಟಗೆ ಮಲಗಿತು. ಒಂದು ಭಾನುವಾರ ಪೂರ್ತಿ ಹೋಯಿತು ಅನ್ನಿ.

ಓದುಗ_ಮಾತ್ರ:
ಮ್ಯಾಕ್‌ಓಎಸ್ ಲೈಸೆನ್ಸ್‌ನಲ್ಲಿ ಆಪಲ್ ಹೆಸರಿನ ಯಂತ್ರಕ್ಕೆ ಮಾತ್ರ ಎಂದಿದೆ, ಅದೂ ಗೊತ್ತಿರಲಿ. ಫ್ಲೋರಿಡಾದ ಸೈಸ್ಟಾರ್ ಕಂಪನಿ 2008ರಲ್ಲಿ ಇಂಥ ಪಿಸಿಗಳನ್ನು ಮಾರಲು ಹೋಗಿ ಕೋರ್ಟ್ ಹತ್ತಿ ಸೋತಿತು.

ಹಳೇ_ಬೆಸುಗೆ:
ನಿಜ. ಅದಕ್ಕೇ ನಾನು ಇದನ್ನು ಯಾರಿಗೂ ಮಾಡಿಕೊಡಲ್ಲ, ದುಡ್ಡು ಕೊಟ್ಟರೂ. ಇನ್ನೊಂದು ಮಾತು ತಮ್ಮಾ, 2025ರ ಮ್ಯಾಕ್‌ಓಎಸ್ ಟಾಹೋನೇ ಇಂಟೆಲ್‌ಗೆ ಕೊನೆ ಎಂದು ಆಪಲ್ ಹೇಳಿಯಾಗಿದೆ. ಕಲಿಯುವ ಹುಚ್ಚಿದ್ದರೆ ಮುಂದುವರಿ. ಹೊಟ್ಟೆಪಾಡಿಗಾದರೆ ಆಪಲ್‌ನದೇ ಎಂ1 ಚಿಪ್ ಇರುವ ಸೆಕೆಂಡ್ ಹ್ಯಾಂಡ್ ಮ್ಯಾಕ್ ಮಿನಿ ಹುಡುಕು. ಈಗ ಸುಮ್ನೆ ಹೊಸ ಕಾರ್ಡಿಗೆ ದುಡ್ಡು ಸುರಿಯಬೇಡ.

ಗದಗ_ಹುಡುಗ:
ಅಣ್ಣಾ, ಹಾಲ್‌ನ ಟಿವಿಗೆ ಎಚ್‌ಡಿಎಂಐ ಚುಚ್ಚಿದೆ. ಚಿತ್ರ ಬಂತು! ಈಗ ನೆಟ್ ಇಲ್ಲ ಅಂತಿದೆ. ಲ್ಯಾನ್ ರಿಯಲ್‌ಟೆಕ್ 8111. ಏಳೂವರೆಗೆ ಅವ್ವನ ಧಾರಾವಾಹಿ, ಅಷ್ಟರೊಳಗೆ ಟಿವಿ ಬಿಡಬೇಕು.

ಹಳೇ_ಬೆಸುಗೆ:
ರಿಯಲ್‌ಟೆಕ್‌ಆರ್‌ಟಿಎಲ್8111 ಅಂತಲೇ ಕೆಕ್ಸ್ಟ್ (ಮ್ಯಾಕ್‌ಓಎಸ್ ಡ್ರೈವರ್) ಇದೆ. ಓಪನ್‌ಕೋರ್‌ನ ಕೆಕ್ಸ್ಟ್ಸ್ ಫೋಲ್ಡರಿಗೆ ಹಾಕಿ, ಕಾನ್ಫಿಗ್‌ನಲ್ಲೂ ಸೇರಿಸು. ಎಲ್ಲರೂ ಮರೆಯೋದು ಆ ಎರಡನೇದೇ. ಸಿಕೋಯಾ ಡೌನ್‌ಲೋಡ್ ಮಾತ್ರ ಧಾರಾವಾಹಿ ಮುಗಿದ ಮೇಲೆ ಶುರು ಮಾಡು, ಅರ್ಧಕ್ಕೆ ಕೇಬಲ್ ಕೀಳೋದಾದೀತು.