ಶಾಲೆಯ ಕಲ್ಲುಗಳಿಗೆ ವಿವರಣೆ ಬರೆಯುವುದು ಹೇಗೆ? ಅನುಭವವಿದ್ದವರು ತಿಳಿಸಿ

ತರೀಕೆರೆ ಸಮೀಪದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದೇನೆ. ನಿವೃತ್ತರಾದ ಶಿಕ್ಷಕರೊಬ್ಬರು ಸಂಗ್ರಹಿಸಿದ ಖನಿಜ ಮತ್ತು ಶಿಲೆಗಳ ಮಾದರಿಗಳು ನಮ್ಮ ಬೀರುವಿನಲ್ಲಿವೆ. ಕೆಲವಕ್ಕಷ್ಟೇ ಹಳೆಯ ಚೀಟಿಗಳಿವೆ. ಕಪ್ಪು ಕಲ್ಲುಗಳಂತೂ ನೋಡಲು ಒಂದೇ ತೆರನಾಗಿವೆ. ಪ್ರತಿಯೊಂದಕ್ಕೂ ವಿವರಣೆ ಬರೆಯಬೇಕಾಗಿದೆ. ಎಲ್ಲಿಂದ ಆರಂಭಿಸಲಿ?

ಹಾಸನದಿಂದ, ಭೂವಿಜ್ಞಾನದ ನಿವೃತ್ತ ಉಪನ್ಯಾಸಕ:
ಮೇಡಂ, ಹೆಸರನ್ನು ಕೊನೆಯಲ್ಲಿ ಬರೆಯಿರಿ. ಹೆಸರು ಮೊದಲೇ ನಿಶ್ಚಯವಾಗಿಬಿಟ್ಟರೆ ಕಣ್ಣು ಅದಕ್ಕೆ ಹೊಂದುವ ಲಕ್ಷಣಗಳನ್ನಷ್ಟೇ ಹುಡುಕುತ್ತದೆ. ಕಪ್ಪು ಕಲ್ಲುಗಳಲ್ಲಿ ಮೈಬಣ್ಣಕ್ಕಿಂತ ಒರೆಯ ಬಣ್ಣವನ್ನು, ಅಂದರೆ ಉಜ್ಜಿದಾಗ ಬೀಳುವ ಗೆರೆಯ ಬಣ್ಣವನ್ನು, ನಂಬಬಹುದು. ನೆಲಕ್ಕೆ ಹಾಸುವ ಟೈಲ್ಸಿನ ಹೊಳಪಿಲ್ಲದ ಹಿಂಬದಿಗೆ ಉಜ್ಜಿದರೆ, ಕೆಮ್ಮಣ್ಣುಗುಂಡಿ ಕಡೆಯ ಕಬ್ಬಿಣದ ಅದಿರಾದ ಹೆಮಟೈಟ್ ಎಷ್ಟೇ ಕಪ್ಪಾಗಿ ಕಂಡರೂ ಕೆಂಗಂದು ಗೆರೆಯನ್ನೇ ಬಿಡುತ್ತದೆ. ಇನ್ನೊಂದು ಕಬ್ಬಿಣದ ಅದಿರಾದ ಮ್ಯಾಗ್ನೆಟೈಟ್ ಕಪ್ಪು ಗೆರೆ ಬಿಡುವುದಲ್ಲದೆ ಅಯಸ್ಕಾಂತವನ್ನು ಗಟ್ಟಿಯಾಗಿ ಹಿಡಿಯುತ್ತದೆ. ನಮ್ಮ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿರುವ ಬೈರಾಪುರದ ಕ್ರೋಮಿಯಂ ಅದಿರಾದ ಕ್ರೋಮೈಟಿನ ಗೆರೆ ಕಂದು, ಅಯಸ್ಕಾಂತದ ಸೆಳೆತ ಅದಕ್ಕೆ ತೀರಾ ಕಡಿಮೆ.

ಸಾಧ್ಯವಾದರೆ ಸಾಪೇಕ್ಷ ಸಾಂದ್ರತೆಯನ್ನೂ ಬರೆಯಿರಿ. ಕಲ್ಲನ್ನು ಒಣಗಿದಂತೆಯೇ ಒಮ್ಮೆ, ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ಇನ್ನೊಮ್ಮೆ ತೂಗಿ, ಒಣತೂಕವನ್ನು ಎರಡು ತೂಕಗಳ ವ್ಯತ್ಯಾಸದಿಂದ ಭಾಗಿಸಿದರಾಯಿತು. ಬೆಣಚುಕಲ್ಲಿಗೆ 2.65, ಶುದ್ಧ ಹೆಮಟೈಟಿಗೆ 5ಕ್ಕಿಂತ ಹೆಚ್ಚು ಬರುತ್ತದೆ. ಕೆಂಗಂದು ಗೆರೆ ಬಿಡುವ ಕಲ್ಲಿಗೆ 3.5ರ ಆಸುಪಾಸು ಬಂದರೆ ಬೆಣಚು ಬೆರೆತಿರಬಹುದೆಂದು ಶಂಕಿಸಿ, ಪಟ್ಟೆಗಳಿವೆಯೇ ಎಂದು ನೋಡಿ. ಇದ್ದರೆ ಅದು ಖನಿಜವಲ್ಲ, ಶಿಲೆ, ಮತ್ತು ಪಟ್ಟೆಗಳ ದಪ್ಪವೂ ವಿವರಣೆಯಲ್ಲಿ ಸೇರಬೇಕು.

ಹೊಳೆನರಸೀಪುರದಿಂದ, ಹವ್ಯಾಸಿ ಸಂಗ್ರಾಹಕ:
ಉಪನ್ಯಾಸಕರ ಮಾತಿಗೆ ಒಂದು ಸೇರ್ಪಡೆ. ಗಡಸುತನವನ್ನು ಬರೆಯುವಾಗ ಯಾವುದರಿಂದ, ಯಾವ ದಿಕ್ಕಿಗೆ ಗೀರಿದಿರಿ ಎಂಬುದನ್ನೂ ನಮೂದಿಸಿ. ನಮ್ಮ ಭಾಗದ ಕಯನೈಟ್ ನೀಲಿ ಅಲಗಿನಂತಹ ಹರಳು. ಉದ್ದಕ್ಕೆ ಗೀರಿದರೆ ಚಾಕುವಿನ ಗುರುತು ಮೂಡುತ್ತದೆ, ಅಡ್ಡಕ್ಕೆ ಗೀರಿದರೆ ಚಾಕು ಜಾರುತ್ತದೆ. 1ರಿಂದ 10ರವರೆಗಿನ ಮೋಸ್ ಮಾಪಕದಂತೆ ಬರೀ "ಗಡಸುತನ 5" ಎಂದು ಬರೆದರೆ ಈ ಗುಣವೇ ಮರೆಯಾಗುತ್ತದೆ. ಬಳಪದ ಕಲ್ಲಿಗೆ ಉಗುರೇ ಸಾಕು. (ಮಕ್ಕಳು ಈ ಪರೀಕ್ಷೆಯನ್ನು ಬೇಲೂರು, ಹಳೇಬೀಡಿನ ಗೋಡೆಗಳ ಮೇಲೆ ಮಾಡದಂತೆ ಮೊದಲೇ ಎಚ್ಚರಿಸಿ.)

ಚಿಕ್ಕಮಗಳೂರಿನಿಂದ, ಕಾಲೇಜು ಸಂಗ್ರಹಾಲಯವೊಂದರ ಸಹಾಯಕಿ:
ಗೀರುವುದು, ಒಡೆಯುವುದು ಎಲ್ಲ ಮಾದರಿಗಳಿಗೂ ಸಲ್ಲದು ಎಂಬುದು ನನ್ನ ಅಭಿಪ್ರಾಯ. ಕುದುರೆಮುಖದಲ್ಲಿ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾದ್ದರಿಂದ ಅಲ್ಲಿಂದ ಇನ್ನೊಂದು ಕಲ್ಲನ್ನು ತರುವಂತಿಲ್ಲ. ನಿಮ್ಮ ಬೀರುವಿನಲ್ಲಿ ಅಲ್ಲಿಯ ಅದಿರಿದ್ದರೆ ಕೆಳಬದಿಯ ಅಂಚಿನಲ್ಲಿ ಸಣ್ಣದೊಂದು ಗೀರು ಸಾಕು.

ಹಳೆಯ ಚೀಟಿಯ ಹೆಸರು ತಪ್ಪಾಗಿದ್ದರೂ ಚೀಟಿಯನ್ನು ಎಸೆಯಬೇಡಿ. ಖನಿಜದ ಹೆಸರನ್ನು ಇಂದೂ ಪರೀಕ್ಷಿಸಿ ತಿದ್ದಬಹುದು. ಸಿಕ್ಕ ಊರು, ಹಳ್ಳದ ದಂಡೆಯದೋ ಬಂಡೆಯಿಂದಲೇ ಕಿತ್ತದ್ದೋ ಎಂಬ ವಿವರ ಕಳೆದರೆ ಕಲ್ಲನ್ನು ಎಷ್ಟು ಪರೀಕ್ಷಿಸಿದರೂ ಮರಳಿ ಸಿಗುವುದು ಅಪರೂಪ. ಸಾಧ್ಯವಾದರೆ ಆ ನಿವೃತ್ತ ಶಿಕ್ಷಕರನ್ನೇ ಕರೆಸಿ, ಒಂದೊಂದು ಕಲ್ಲನ್ನೂ ಅವರ ಕೈಗಿತ್ತು ಕೇಳಿ. ಅವರು ಖಚಿತವಾಗಿ ಹೇಳಿದ್ದನ್ನೂ "ಇರಬಹುದು" ಎಂದದ್ದನ್ನೂ ಬೇರೆಬೇರೆಯಾಗಿ ಬರೆದುಕೊಳ್ಳಿ.